ತೊಟ್ಟಿಯ ಪಕ್ಕದ ಸ್ಟೂಲು

ನನಗೆ ಅನುಮಾನದ ಕಾಯಿಲೆ ಇದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ಯಾರು ಮಹಾ, ಮಗ ಮತ್ತು ಸೊಸೆ. ನಾನು ಜೀವಮಾನವೆಲ್ಲ ಬಟ್ಟೆ ಹೊಲಿದವಳು. ಅಂಗಡಿಯವನು ಎರಡೂವರೆ ಮೀಟರ್ ಎಂದು ಕೊಟ್ಟ ಬಟ್ಟೆಗೆ ಅಳೆಯದೆ ಕತ್ತರಿ ಹಾಕಿದ್ದರೆ ಯಾವತ್ತೋ ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗುತ್ತಿತ್ತು. ಹಾಗಾಗಿ ಅಳೆಯುತ್ತೇನೆ. ಹಾಲಿನವನನ್ನೂ ಅಳೆಯುತ್ತೇನೆ, ನೆಂಟರನ್ನೂ ಅಳೆಯುತ್ತೇನೆ. ಇದನ್ನು ಕಾಯಿಲೆ ಅಂದರೆ ಅನ್ನಲಿ, ನನಗೇನೂ ಬೇಜಾರಿಲ್ಲ.

ನಮ್ಮದು ನಾಲ್ಕನೇ ಮಹಡಿ. ಲಿಫ್ಟ್ ಇದೆ, ಆದರೆ ಅದು ಕೆಟ್ಟು ನಿಂತಾಗಿನಿಂದ ಅದರೊಳಗೆ ಕಾವಲುಗಾರ ತನ್ನ ಪೊರಕೆ, ಬಕೆಟ್ಟು ಇಟ್ಟುಕೊಂಡಿದ್ದಾನೆ. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಎರಡೂ ಕೈಯಲ್ಲಿ ಚೀಲ, ಬಾಯಲ್ಲಿ ಬೀಗದ ಕೈ ಕಚ್ಚಿಕೊಂಡು ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಳು. ಹೊಲಿಗೆ ಮಿಷನ್ನಿನ ಮುಂದೆ ಕೂತೇ ನಾನು ಇಡೀ ಕಟ್ಟಡದವರ ಹೆಜ್ಜೆ ಗುರುತಿಸಬಲ್ಲೆ. ಅವಳ ಹೆಜ್ಜೆ ಕೇಳಿದ ಕೂಡಲೇ, ಬಂತು ನಮ್ಮ ಮನೆಯ ಬಿರುಗಾಳಿ ಎಂದುಕೊಂಡು ಎದ್ದು ಚಹಾಕ್ಕೆ ನೀರಿಡುತ್ತಿದ್ದೆ.

ಆ ಹೆಜ್ಜೆ ಒಂದು ದಿನ ಎರಡನೇ ಮಹಡಿಯ ತಿರುವಿನಲ್ಲಿ ನಿಂತಿತು. ಮಾರನೆಯ ದಿನವೂ ನಿಂತಿತು. ನೀರು ಕುದಿದು ಅರ್ಧಕ್ಕೆ ಇಳಿದರೂ ಇವಳ ಪತ್ತೆಯಿಲ್ಲ. ಬಂದವಳೇ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಏನಿಲ್ಲ ಅತ್ತೆ, ಸುಮ್ನೆ," ಎಂದಳು. ಸುಮ್ಮನೆ ಯಾರು ಮೆಟ್ಟಿಲ ಮೇಲೆ ನಿಲ್ಲುತ್ತಾರೆ? ನನ್ನ ಕಿವಿ ನೆಟ್ಟಗಾಯಿತು.

ಮೊದಲಿಗೆ ನಾಟಕ ಎಂದುಕೊಂಡೆ. ಆ ವಾರವಷ್ಟೇ ನಾನು, ಇನ್ನು ಮೇಲೆ ಅಕ್ಕಿ ಚೀಲ ನೀನೇ ಹೊತ್ತು ತಾ, ನನ್ನ ಮಂಡಿ ಕೇಳುವುದಿಲ್ಲ ಎಂದಿದ್ದೆ. ನಾಟಕವಾದರೆ ನೋಡುವವರು ಇರಬೇಕಲ್ಲ. ಯಾರೂ ಇಲ್ಲದ ತಿರುವಿನಲ್ಲಿ ಯಾರಿಗಾಗಿ ಆಡುತ್ತಾಳೆ? ಆಮೇಲೆ ಬಸುರಿಯೇನೋ, ನನ್ನಿಂದ ಮುಚ್ಚಿಡುತ್ತಿದ್ದಾಳೇನೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅದೂ ಅಲ್ಲ.

ಕೊನೆಗೆ ನನ್ನ ಮೂಗಿಗೆ ಬಡಿಯಿತು, ವಾಸನೆ.

ಅವಳು ಬೀಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಬೀಗದ ಕಾರ್ಖಾನೆಯವರ ಮೈ ಎಣ್ಣೆ, ಕಬ್ಬಿಣ ನಾರಬೇಕು. ಇವಳ ಕೂದಲು, ದುಪಟ್ಟಾ, ಸ್ವೆಟರಿನ ತೋಳು ಎಲ್ಲವೂ ಸಿಹಿಸಿಹಿಯಾಗಿ ನಾರುತ್ತಿದ್ದವು. ಹೂವಿನ ವಾಸನೆಯಲ್ಲ, ಸೆಂಟಿನದೂ ಅಲ್ಲ. ಒಗೆದು ಹಾಕಿದರೂ ಮೊದಲ ದಿನವೆಲ್ಲ ಮಡಿಕೆಯೊಳಗೆ ಇರುತ್ತಿತ್ತು. ಅದರ ಜೊತೆಗೆ ಇನ್ನೊಂದು ವಿಚಿತ್ರ. ಕೆಲಸದಿಂದ ಬಂದ ದಿನ ಇವಳಿಗೆ ಎಲ್ಲಿಲ್ಲದ ಖುಷಿ. ಚಮಚ ಬಿದ್ದರೂ ನಗು, ಮಗ ಸೀನಿದರೂ ನಗು. ರಜೆಯ ದಿನ ಮಾತ್ರ ಗಂಟುಮೋರೆ, ತಲೆನೋವು, ಹಾಸಿಗೆ ಬಿಟ್ಟು ಏಳಳು. ನಾನು ಮಗನನ್ನು ಅಡುಗೆಮನೆಗೆ ಕರೆದು, "ನಿನ್ನ ಹೆಂಡ್ತಿ ಕುಡೀತಾಳೇನೋ?" ಎಂದೆ.

ಅವನು ಬಸ್ ಓಡಿಸುವವನು. ದಿನವಿಡೀ ಜನರ ಕೂಗಾಟ ಕೇಳಿ ಕೇಳಿ, ಮನೆಯಲ್ಲಿ ಯಾರು ಏನಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಅಮ್ಮಾ, ದಯವಿಟ್ಟು ಬಿಟ್ಬಿಡು. ಹೋದ ವರ್ಷ ನಾನು ಇಸ್ಪೀಟು ಆಡ್ತೀನಿ ಅಂತ ನೀನೇ ಅಂದಿದ್ದೆ. ಅದರ ಹಿಂದಿನ ವರ್ಷ ಕೆಳಗಿನ ಮನೆಯವರು ನಮ್ಮ ಕರೆಂಟು ಕದೀತಾರೆ ಅಂದಿದ್ದೆ."

"ಕದೀತಾ ಇದ್ರಲ್ಲ?"

"ಅದೊಂದು ನಿಜ ಆಯ್ತು. ಅದಕ್ಕೇ ನಿನ್ನನ್ನ ಹಿಡಿಯೋರೇ ಇಲ್ಲ."

ಇವನ ಕೈಲಿ ಆಗುವುದಿಲ್ಲ ಎಂದು ನಾನೇ ಹೊರಟೆ. ಒಂದು ಬೆಳಿಗ್ಗೆ ಅವಳ ಊಟದ ಡಬ್ಬಿಯನ್ನು ಎತ್ತಿ ಮಿಷನ್ನಿನ ಹಿಂದೆ ಬಚ್ಚಿಟ್ಟೆ. ಅವಳು ಹುಡುಕಿ ಹುಡುಕಿ ಸಾಕಾಗಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಹಿಡಿದು ಕಾರ್ಖಾನೆಯ ಗೇಟಿನಲ್ಲಿ ನಿಂತು, "ಪಾಪ, ನನ್ನ ಸೊಸೆ ಊಟ ಮರೆತು ಬಂದಿದಾಳೆ," ಎಂದೆ. ಕಾವಲಿನವನು ಕರಗಿ ಒಳಗೆ ಬಿಟ್ಟ.

ಉದ್ದನೆಯ ಶೆಡ್ಡು. ಒಂದು ಕಡೆ ಬೀಗದ ತುಂಡುಗಳನ್ನು ಕೊರೆಯುವ ಮಿಷನ್ನುಗಳ ಕಿವುಡು ಗದ್ದಲ. ಇನ್ನೊಂದು ಮೂಲೆಯಲ್ಲಿ ಸೊಂಟದೆತ್ತರದ ಒಂದು ಉಕ್ಕಿನ ತೊಟ್ಟಿ. ಎಣ್ಣೆ ಹತ್ತಿದ ತುಂಡುಗಳನ್ನು ತಂತಿಬುಟ್ಟಿಯಲ್ಲಿ ತುಂಬಿ, ಸರಪಳಿಯಿಂದ ಆ ತೊಟ್ಟಿಗೆ ಇಳಿಬಿಡುತ್ತಾರೆ. ತಳದಲ್ಲಿ ಏನೋ ಕುದಿಯುತ್ತದೆ, ಅಂಚಿನ ಸುತ್ತ ತಣ್ಣೀರಿನ ಕೊಳವೆಗಳಿವೆ. ಹೊಗೆಯಿಲ್ಲ, ನೊರೆಯಿಲ್ಲ. ಬಗ್ಗಿ ನೋಡಿದರೆ ಒಳಗಿನ ಗಾಳಿ ಸ್ವಲ್ಪ ನಡುಗಿದಂತೆ ಕಾಣುತ್ತದೆ, ಅಷ್ಟೇ. ಬುಟ್ಟಿ ಮೇಲೆದ್ದಾಗ ತುಂಡುಗಳು ಒರೆಸಿದ ಹಾಗೆ ಒಣಗಿ, ಫಳಫಳ ಹೊಳೆಯುತ್ತಿರುತ್ತವೆ.

ಸರಪಳಿ ಹಿಡಿದು ನಿಂತಿದ್ದವನು ಅಗಲ ಭುಜದ, ಅರೆ ನರೆತ ಮೀಸೆಯ ಮನುಷ್ಯ. ಎಲ್ಲರೂ ಅವನನ್ನು ತೊಟ್ಟಿಯಣ್ಣ ಎನ್ನುತ್ತಿದ್ದರು. ಅವನ ಕಾಲ ಬಳಿ, ತೊಟ್ಟಿಗೆ ಅಂಟಿಕೊಂಡಂತೆ ಒಂದು ಗಿಡ್ಡ ಸ್ಟೂಲಿನ ಮೇಲೆ ನನ್ನ ಸೊಸೆ ಕೂತಿದ್ದಳು. ಅವನು ಬುಟ್ಟಿ ಸುರಿದಂತೆಲ್ಲ ಇವಳು ಒಂದೊಂದೇ ತುಂಡು ಎತ್ತಿ, ತೂತಿನಲ್ಲಿ ಎಣ್ಣೆ ಉಳಿದಿದೆಯೇ ನೋಡಿ ಬೇರ್ಪಡಿಸಬೇಕು. ನನ್ನನ್ನು ಕಂಡವಳೇ, "ಅಯ್ಯೋ, ಅತ್ತೆ!" ಎಂದು ಮೇಲೆದ್ದಳು.

ಅವಳು ಎದ್ದಾಗ ನನ್ನ ಕಣ್ಣಿಗೆ ದಿಂಬು ಬಿತ್ತು. ಆ ಗಿಡ್ಡ ಸ್ಟೂಲಿನ ಮೇಲೆ ಹಳೆಯ ಕೋಟಿನ ಬಟ್ಟೆಯ ದಿಂಬು. ಹಿಡಿದು ತಿರುಗಿಸಿ ನೋಡಿದೆ. ಮಿಷನ್ನಿನ ಹೊಲಿಗೆಯಲ್ಲ, ಕೈ ಹೊಲಿಗೆ. ಹೆಂಗಸಿನ ಕೈಯದೂ ಅಲ್ಲ, ದಪ್ಪ ಬೆರಳಿನವನು ಮತ್ತೆ ಮತ್ತೆ ಬಿಚ್ಚಿ ಹೊಲಿದದ್ದು. ಮೂಲೆ ಚುಚ್ಚದಿರಲೆಂದು ಒಳಗೆ ಮಡಚಿ ಎರಡು ಸುತ್ತು ಹಾಕಿದ್ದ.

"ಇದ್ಯಾರು ಹೊಲಿದದ್ದು?" ಎಂದೆ.

"ನಾನೇ ಅಮ್ಮಾ," ಎಂದ ತೊಟ್ಟಿಯಣ್ಣ, ಹಲ್ಲು ಕಿರಿದು. "ದಿನಾ ನಿಂತು ನಿಂತು ಹುಡುಗಿ ಕಾಲು ಊದ್ಕೊಳ್ತಾ ಇತ್ತು. ಸ್ಟೂಲೂ ನಾನೇ ಮಾಡ್ದೆ. ನಿಮ್ಮ ಕಣ್ಣಿಗೆ ಹೊಲಿಗೆ ಸರಿ ಕಾಣಲ್ಲ ಬಿಡಿ, ನೀವು ದರ್ಜಿಗಳು."

ಪರರ ಹೆಂಡತಿಯ ಕಾಲು ಊದಿದರೆ ಇವನಿಗೇಕೆ ಸಂಕಟ? ಸ್ಟೂಲು ಮಾಡಿದ, ಸರಿ. ದಿಂಬನ್ನೂ ಹೊಲಿದನಲ್ಲ, ಅದೂ ಮೂಲೆಗೆ ಎರಡು ಸುತ್ತು! ನಾನು ಡಬ್ಬಿಯನ್ನು ಅಲ್ಲಿ ಕುಕ್ಕಿ ಹೊರಟುಬಂದು ಬಸ್ಸು ಹತ್ತಿದೆ.

ಸಂಜೆ ಅವಳ ಹೆಜ್ಜೆ ಎರಡನೇ ಮಹಡಿಯಲ್ಲಿ ನಿಂತ ಕೂಡಲೇ ನಾನೇ ಇಳಿದು ಹೋದೆ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ನಾನು ಸೊಂಟದ ಮೇಲೆ ಕೈಯಿಟ್ಟು, "ಆ ದಿಂಬಿನ ಕಥೆ ಏನು, ಈಗ್ಲೇ ಹೇಳ್ಬಿಡು," ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗತೊಡಗಿದಳು. "ಅತ್ತೆ... ಅವರಿಗೆ... ನನ್ನಷ್ಟು ದೊಡ್ಡ ಮಗಳಿದಾಳೆ..." ನಗು ಮುಗಿಯಲಿಲ್ಲ, ನಡುವೆಯೇ ಕಡಿದುಹೋಯಿತು. ಬಾಯಿ ತೆರೆದೇ ಇತ್ತು, ಉಸಿರು ಒಳಗೆ ಹೋಗಲಿಲ್ಲ. ತುಟಿ ನೀಲಿಯಾಯಿತು. ಗೋಡೆ ಸವರಿಕೊಂಡು ಹಾಗೆಯೇ ಜಾರಿ ಕೂತಳು. ನಾನು ಅವಳ ಕೆನ್ನೆ ತಟ್ಟಿ ತಟ್ಟಿ ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತಂತೆ. ನನಗೆ ನೆನಪಿರುವುದು ಇಷ್ಟೇ, ಅವಳ ಕೈಬೆರಳುಗಳು ಮಂಜುಗಡ್ಡೆಯಂತೆ ತಣ್ಣಗಿದ್ದವು. ನನ್ನ ಎಲ್ಲ ಅನುಮಾನವೂ ಆ ಮೆಟ್ಟಿಲ ಮೇಲೇ ಸತ್ತುಹೋಯಿತು, ನಾಚಿಕೆಯಿಂದ ನನಗೂ ಸಾಯುವಂತಾಯಿತು.

ಸತ್ತುಹೋಯಿತು ಎಂದೆನಲ್ಲ, ಆಸ್ಪತ್ರೆಯಲ್ಲಿ ಮತ್ತೆ ಎದ್ದು ಕೂತಿತು.

ಅಲ್ಲೊಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಎದೆಯ ಮೇಲೆ ಏನೋ ಹಚ್ಚಿ ಪರದೆಯಲ್ಲಿ ನೋಡಿದರು, ಕೊಳವೆ ಹಾಕಿ ನೋಡಿದರು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿದೆ, ಹೃದಯದ ಬಲಭಾಗ ತಳ್ಳಿ ತಳ್ಳಿ ಸುಸ್ತಾಗಿದೆ ಎಂದರು. ನಾಳಗಳನ್ನು ಹಿಗ್ಗಿಸುವ ಮಾತ್ರೆ ಕೊಡುತ್ತೇವೆ, ಸರಿಹೋಗುತ್ತದೆ ಎಂದರು. ಮಾತ್ರೆ ನುಂಗುವ ಮೊದಲು ಸೊಸೆ ಕೂತು ನನ್ನನ್ನು ರೇಗಿಸುತ್ತಿದ್ದಳು. ನುಂಗಿದ ಮೇಲೆ ಮಲಗಲಾರಳು, ಕೂರಲಾರಳು. ಎದೆಯಲ್ಲಿ ಗೊರಗೊರ ಸದ್ದು, ಬಾಯಿಯ ಅಂಚಿನಲ್ಲಿ ನೊರೆ.

"ಏನ್ರೀ ಕೊಟ್ರಿ ನನ್ನ ಸೊಸೆಗೆ?" ಎಂದು ನಾನು ಆ ಡಾಕ್ಟರ ಅಂಗಿಯ ತೋಳನ್ನೇ ಹಿಡಿದುಬಿಟ್ಟೆ. ಮಗ ನನ್ನನ್ನು ಎಳೆದ. ಆ ಹುಡುಗ ಡಾಕ್ಟರನ ಮುಖವೂ ಬಿಳುಚಿಕೊಂಡಿತ್ತು. ಅವನು ಮಾತ್ರೆ ನಿಲ್ಲಿಸಿ, ಓಡಿಹೋಗಿ ದೊಡ್ಡ ಡಾಕ್ಟರಮ್ಮನನ್ನು ಕರೆತಂದ. ಅದೊಂದು ಅವನು ಮಾಡಿದ ಒಳ್ಳೆಯ ಕೆಲಸ.

ಡಾಕ್ಟರಮ್ಮ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಬಹಳ ಹೊತ್ತು ಚಿತ್ರಗಳನ್ನು ನೋಡಿದರು. ಸೊಸೆಯ ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ನಮ್ಮನ್ನು ಕೈ ತೊಳೆಯುವ ಬೇಸಿನ್ನಿನ ಬಳಿಗೆ ಕರೆದು ನಲ್ಲಿ ತಿರುಗಿಸಿದರು. "ನೋಡಿ, ನಲ್ಲಿ ಅಂದ್ರೆ ರಕ್ತ ಒಳಗೆ ಬರೋ ನಾಳ. ಅದು ಕಟ್ಟಿದೆ ಅಂದ್ಕೊಂಡು ಮಾತ್ರೆ ಕೊಟ್ರು. ಈ ಹುಡುಗಿಗೆ ಕಟ್ಟಿರೋದು ಇಲ್ಲಿ." ನೀರು ಇಳಿದು ಹೋಗುವ ತೂತಿನ ಮೇಲೆ ಅಂಗೈ ಮುಚ್ಚಿದರು. "ಶ್ವಾಸಕೋಶದಿಂದ ರಕ್ತ ವಾಪಸ್ ಹೃದಯಕ್ಕೆ ಹೋಗುತ್ತಲ್ಲ, ಆ ಸಣ್ಣ ಸಣ್ಣ ನಾಳಗಳು ಒಳಗಿಂದ ದಪ್ಪ ಆಗಿ ಮುಚ್ಕೊಳ್ತಾ ಇವೆ. ಹೋಗೋ ದಾರಿ ಮುಚ್ಚಿ, ಬರೋ ನಲ್ಲಿ ಪೂರ್ತಿ ತಿರುಗಿಸಿದ್ರೆ ಏನಾಗುತ್ತೆ?" ಬೇಸಿನ್ನು ತುಂಬಿ ನೀರು ನನ್ನ ಚಪ್ಪಲಿಯ ಮೇಲೆ ಸುರಿಯಿತು.

"ತುಂಬಾ ಅಪರೂಪದ ಕಾಯಿಲೆ," ಎಂದರು ಕೈ ಒರೆಸಿಕೊಳ್ಳುತ್ತ. "ಕೆಲವರಿಗೆ ಹುಟ್ಟಿನಿಂದ ಬರುತ್ತೆ. ಕೆಲವರಿಗೆ ಕೆಲವು ಔಷಧಿಯಿಂದ, ಕೆಲವರಿಗೆ ಮಾಡೋ ಕೆಲಸದಿಂದ. ಯಾವುದರಿಂದ ಅಂತ ಗೊತ್ತಾಗದೆ ಇದ್ರೆ ಮತ್ತೆ ಅದರ ಹತ್ರಾನೇ ಹೋಗ್ತಾಳೆ. ಉಳಿದಿರೋ ನಾಳಗಳೂ ಮುಚ್ಚಿದ್ರೆ ನನ್ನ ಕೈಲಿ ಏನೂ ಇಲ್ಲ. ಏನು ಕೆಲಸ ಮಾಡ್ತಾಳೆ?"

"ಬೀಗದ ತುಂಡು ತೊಳೀತಾರೆ," ಎಂದ ಮಗ. "ಸೋಪಿನ ನೀರಲ್ಲಿ ಇರಬೇಕು."

"ಸೋಪಲ್ಲ," ಎಂದೆ ನಾನು. "ಸಿಹಿ ವಾಸನೆ." ಮಗ ಮತ್ತೆ ಶುರುವಾಯಿತು ಎಂಬಂತೆ ಕಣ್ಣು ಮುಚ್ಚಿಕೊಂಡ. ನಾನು ಬಿಡಲಿಲ್ಲ. ದುಪಟ್ಟಾದ ವಾಸನೆ, ಕೆಲಸದ ದಿನದ ನಗು, ರಜೆಯ ದಿನದ ತಲೆನೋವು ಎಲ್ಲ ಹೇಳಿದೆ. ನನ್ನ ಮಾತನ್ನು ಯಾರಾದರೂ ಅಷ್ಟು ಗಮನವಿಟ್ಟು ಕೇಳಿದ್ದು ನನ್ನ ನೆನಪಿನಲ್ಲಿಲ್ಲ. ಡಾಕ್ಟರಮ್ಮ ಕನ್ನಡಕ ಕೆಳಗಿಳಿಸಿ, "ಅದರ ಹೆಸರು ಬೇಕು ನನಗೆ," ಎಂದರು.

ಮಗ ಫೋನ್ ಮಾಡಿದರೆ ಕಾರ್ಖಾನೆಯವರು, ತೊಳೆಯುವ ದ್ರವ ಎಂದರು. ಹೆಸರೇನು ಎಂದರೆ, ತೊಳೆಯುವ ದ್ರವವೇ ಅದರ ಹೆಸರು ಎಂದರು. ಯಾರ ಕಿವಿಗೆ ಹೂವಿಡುತ್ತಾರೆ? ನಾನು ಮತ್ತೆ ಬಸ್ಸು ಹತ್ತಿದೆ.

ಈ ಸಲ ನನ್ನನ್ನು ಎದುರುಗೊಂಡದ್ದು ಸೂಪರ್‌ವೈಸರ್. ಜೇಬಿನ ತುಂಬ ಪೆನ್ನು, ಬಾಯಿಯ ತುಂಬ ಬೆಣ್ಣೆ. "ಬನ್ನಿ ಬನ್ನಿ ಅಮ್ಮಾ, ಸೊಸೆ ಹೇಗಿದಾಳೆ? ನಮ್ಮ ಮನೆ ಮಗಳ ಥರ ಅವಳು." ತೊಟ್ಟಿಯ ಹತ್ತಿರ ಕರೆದುಕೊಂಡು ಹೋದ. "ಇಲ್ಲಿ ಏನಿದೆ ಹೇಳಿ? ಮೇಲೆ ಫ್ಯಾನು ನೋಡಿ, ಎಷ್ಟು ದೊಡ್ಡದು. ಇನ್ನು ಇವರನ್ನ ನೋಡಿ." ತೊಟ್ಟಿಯಣ್ಣನ ಭುಜ ತಟ್ಟಿದ. "ಹದಿನೆಂಟು ವರ್ಷದಿಂದ ಇದೇ ತೊಟ್ಟಿ ಮೇಲೆ ನಿಂತಿದಾರೆ. ಗೂಳಿ ಥರ ಇದಾರೆ. ತೊಟ್ಟಿಯಿಂದ ಏನಾದ್ರೂ ಆಗೋ ಹಾಗಿದ್ರೆ ಮೊದಲು ಇವರಿಗೆ ಆಗ್ಬೇಕಿತ್ತಲ್ವಾ?"

ಮಾತು ಸರಿಯಾಗಿಯೇ ಇತ್ತು. ತೀರಾ ಸರಿಯಾಗಿದ್ದ ಮಾತು ಕೇಳಿದರೆ ನನಗೆ ಇನ್ನೂ ಅನುಮಾನ. "ಮಂಡಿ ನೋವು, ಸ್ವಲ್ಪ ಕೂತ್ಕೋತೀನಪ್ಪ," ಎಂದು ಆ ಗಿಡ್ಡ ಸ್ಟೂಲಿನ ಮೇಲೆ, ಆ ದಿಂಬಿನ ಮೇಲೆ ಕುಳಿತೆ. ಅಷ್ಟರಲ್ಲಿ ಯಾರೋ ಕರೆದರೆಂದು ಅವನು ಹೋದ. ತೊಟ್ಟಿಯಣ್ಣ ಬುಟ್ಟಿ ಇಳಿಸಿದ, ಎತ್ತಿದ, ಇಳಿಸಿದ, ಎತ್ತಿದ. ಕೆಲಸ ಬಹಳವಿತ್ತು, ಕೈ ಬಿರುಸಾಗಿತ್ತು. ಬುಟ್ಟಿ ಸರ್ರನೆ ಮೇಲೆದ್ದ ಪ್ರತಿಸಲವೂ ನನ್ನ ಕತ್ತಿನ ಮೇಲೆ ಬೆಚ್ಚಗೆ ಏನೋ ಇಳಿದಂತಾಗುತ್ತಿತ್ತು. ಅದೇ ವಾಸನೆ, ಆದರೆ ಎಷ್ಟು ದಟ್ಟ! ಎದ್ದು ನಿಂತೆ, ತೆಳ್ಳಗಾಯಿತು. ಕೂತೆ, ದಟ್ಟವಾಯಿತು. ಮತ್ತೆ ಎದ್ದೆ, ಮತ್ತೆ ಕೂತೆ. ಬಟ್ಟೆ ಅಳೆಯುವಾಗಲೂ ನಾನು ಒಂದೇ ಸಲಕ್ಕೆ ನಂಬುವವಳಲ್ಲ.

ಸೂಪರ್‌ವೈಸರ್ ವಾಪಸು ಬಂದಾಗ ಅವನ ಜೇಬಿನ ಪೆನ್ನುಗಳನ್ನು ನೋಡಿ ನನಗೆ ತಡೆಯಲಾರದಷ್ಟು ನಗು ಬಂತು. "ಇಷ್ಟೊಂದು ಪೆನ್ನಲ್ಲಿ ಒಂದರಲ್ಲಾದ್ರೂ ಇಂಕಿದೆಯೇನಪ್ಪಾ?" ಎಂದೆ. ನಗುತ್ತಲೇ ಇದ್ದಾಗ ಹೊಳೆಯಿತು. ನನ್ನ ಸೊಸೆಯ ಖುಷಿ ಇದು. ಅವಳು ಮನೆಗೆ ಹೊತ್ತು ತರುತ್ತಿದ್ದ ನಗು ಇಲ್ಲಿಯದು.

"ಅಮ್ಮನಿಗೆ ಬೀಪಿ ಇರ್ಬೇಕು, ಆಟೋ ಹತ್ಸಿ," ಎಂದ ಅವನು.

ನನ್ನನ್ನು ಗೇಟಿನವರೆಗೆ ಕೈಹಿಡಿದು ನಡೆಸಿದ್ದು ತೊಟ್ಟಿಯಣ್ಣ. ಗೇಟು ದಾಟಿದ ಮೇಲೆ ಆಚೀಚೆ ನೋಡಿ, "ಡಾಕ್ಟ್ರು ಹೆಸರು ಕೇಳಿದ್ರಾ ಅಮ್ಮಾ?" ಎಂದ. "ನಾವು ಟ್ರೈ ಅಂತೀವಿ. ಪೂರ್ತಿ ಹೆಸರು ಟ್ರೈಕ್ಲೋರೋಎಥಿಲೀನ್. ನಾನು ಹೇಳ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಹೋಗ್ಲಿ, ನೀವು ಹೇಳಿ." ನಾನು ಆ ಹೆಸರು ಬಾಯಿಪಾಠವಾಗುವ ತನಕ ಅವನಿಂದ ಹೇಳಿಸಿದೆ. ಹಣೆಯ ಬೆವರು ಒರೆಸಿಕೊಂಡು ಅವನು ನಕ್ಕ. "ಆದ್ರೆ ಅದರಿಂದ ಆಗಿರಲ್ಲ ಬಿಡಿ. ಅದು ಗಾಳಿಗಿಂತ ಭಾರ ಅಮ್ಮಾ. ತೊಟ್ಟಿ ಒಳಗೇ ಇರುತ್ತೆ, ಮೇಲಕ್ಕೆ ಏಳೋದೇ ಇಲ್ಲ. ಕೆಲಸಕ್ಕೆ ಸೇರಿದ ದಿನಾನೇ ನಮಗೆ ಹೇಳಿಕೊಟ್ಟಿದ್ದು ಅದು. ಅದಕ್ಕೇ ನಮ್ಗೆ ಭಯ ಇಲ್ಲ."

ಡಾಕ್ಟರಮ್ಮನಿಗೆ ಹೆಸರನ್ನು ಒಪ್ಪಿಸಿದೆ. ಕೂತು ಎದ್ದದ್ದನ್ನೂ ಹೇಳಿದೆ, ಭಾರದ ಮಾತನ್ನೂ ಹೇಳಿದೆ. ಅವರು ಹೆಸರಿಗೆ ತಲೆಯಾಡಿಸಿದರು. ಇದೇ ದ್ರವದ ಹತ್ತಿರ ಕೆಲಸ ಮಾಡಿದವರಲ್ಲಿ ಈ ಕಾಯಿಲೆ ಕಂಡದ್ದುಂಟು ಎಂದರು. ಭಾರದ ಮಾತಿಗೆ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟರು.

"ಭಾರದ್ದು ಸರಿ. ಬುಟ್ಟಿ ಜೊತೆ ತುಳುಕಿದ್ದು ಎಲ್ಲಿಗೆ ಹೋಗುತ್ತೆ ಅಮ್ಮಾ?"

ಎಲ್ಲಿಗೆ? ಉಕ್ಕಿದ ಹಾಲು ಒಲೆಯ ಬುಡಕ್ಕೆ ಇಳಿಯುತ್ತದೆ, ಸೂರಿಗೆ ಹೋಗುವುದಿಲ್ಲ. ಫ್ಯಾನು ಮೇಲಿದೆ. ಬುಟ್ಟಿ ಎತ್ತುವವನ ಮೂಗೂ ಮೇಲಿದೆ. ಕೆಳಗೆ, ತೊಟ್ಟಿಯ ಅಂಚಿಗಿಂತ ಕೆಳಗೆ, ದಿಂಬಿನ ಮೇಲೆ ಆರಾಮಾಗಿ ಕೂತಿದ್ದವಳು ನನ್ನ ಸೊಸೆ. ಕಾಲು ಊದುತ್ತದೆಂದು ಅವಳನ್ನು ಕೂರಿಸಿದ ಮೇಲೆಯೇ ತಾನೇ ಅವಳು ಮೆಟ್ಟಿಲಲ್ಲಿ ನಿಲ್ಲತೊಡಗಿದ್ದು?

"ಎಲ್ಲರಿಗೂ ಆಗಲ್ಲ," ಎಂದರು ಡಾಕ್ಟರಮ್ಮ. "ಒಬ್ಬೊಬ್ಬರ ದೇಹ ಒಂದೊಂದು ಥರ. ಆದ್ರೆ ಕೂತು ಕುಡಿದಷ್ಟು ವಿಷ ನಿಂತವರು ಕುಡಿದಿಲ್ಲ, ಅದು ಖಂಡಿತ." ಮುಚ್ಚಿದ ನಾಳ ಮತ್ತೆ ಬಿಚ್ಚಿಕೊಳ್ಳುತ್ತದೆಯೇ ಎಂದು ಮಗ ಕೇಳಿದ. ಇನ್ನು ಮುಚ್ಚದಿದ್ದರೆ ಅದೇ ದೊಡ್ಡದು, ಕೆಲವರಿಗೆ ಸ್ವಲ್ಪ ಸುಧಾರಿಸುತ್ತದೆ, ಇಲ್ಲದಿದ್ದರೆ ಬೇರೆ ಶ್ವಾಸಕೋಶವನ್ನೇ ಹಾಕಬೇಕಾಗುತ್ತದೆ ಎಂದರು. ಮಗ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ಸೊಸೆ ಮಲಗಿದಲ್ಲಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು. "ಅತ್ತೆ, ತೊಟ್ಟಿಯಣ್ಣನಿಗೆ ಹೇಳ್ಬೇಡಿ."

"ಏನನ್ನ?"

"ಸ್ಟೂಲಿನ ವಿಷಯ. ತೊಟ್ಟಿಯಿಂದ ಆಯ್ತು ಅನ್ನಿ, ಕಂಪನಿಯಿಂದ ಆಯ್ತು ಅನ್ನಿ. ಸ್ಟೂಲಿನಿಂದ ಅಂತ ಹೇಳ್ಬೇಡಿ. ಆ ಮನುಷ್ಯ ಮಗಳಿಗೆ ಮಾಡಿದ ಹಾಗೆ ಮಾಡ್ಕೊಟ್ಟಿದ್ದು... ತಡ್ಕೊಳ್ಳಲ್ಲ ಅವರು. ಮಾತು ಕೊಡಿ."

ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ವಾದ ಮಾಡುವ ಹೊತ್ತಲ್ಲ. ಕೊಟ್ಟೆ.

ಮನೆಗೆ ಕರೆತಂದೆವು. ನನ್ನ ಹೊಲಿಗೆ ಮಿಷನ್ನು ಕಿಟಕಿಯ ಬಳಿಯಿಂದ ಅಡುಗೆಮನೆಯ ಬಾಗಿಲಿಗೆ ಬಂತು. ಅದರ ಜಾಗದಲ್ಲಿ ಅವಳ ಮಂಚ, ಪಕ್ಕದಲ್ಲಿ ಹಗಲಿರುಳು ಗುಂಯ್‌ಗುಡುವ ಆಮ್ಲಜನಕದ ಯಂತ್ರ. ಮೂಗಿಗೆ ಎರಡು ಕವಲಿನ ಕೊಳವೆ. ಅವಳು ಸ್ನಾನದ ಮನೆಗೆ ನಡೆದು ಬಂದರೆ ನಾವು ಮೂವರೂ ಹಬ್ಬದಷ್ಟು ಖುಷಿ ಪಡುತ್ತಿದ್ದೆವು. ಕಂಪನಿಯ ಮೇಲೆ ಮಗ ದೂರು ಕೊಟ್ಟ. ಅವರ ಉತ್ತರ ಹಳೆಯದೇ, ತೊಟ್ಟಿಯ ಮೇಲೆ ನಿಂತವನು ಗಟ್ಟಿಮುಟ್ಟಾಗಿದ್ದಾನೆ.

ಒಂದು ಸಂಜೆ ನಾಲ್ಕು ಮಹಡಿಯನ್ನೂ ಎರಡೆರಡು ಮೆಟ್ಟಿಲು ಹಾರಿಕೊಂಡು ಬರುವ ಹೆಜ್ಜೆ ಕೇಳಿಸಿತು. ಅಭ್ಯಾಸಬಲದಿಂದ ಚಹಾದ ಪಾತ್ರೆಗೆ ಕೈ ಹಾಕಿ, ನೆನಪಾಗಿ, ಕೈ ಹಿಂತೆಗೆದೆ. ಸೊಸೆಯೂ ಕಿವಿಗೊಟ್ಟು ಕೇಳುತ್ತಿದ್ದಳು. ಬಂದವನು ತೊಟ್ಟಿಯಣ್ಣ. ಕೈಯಲ್ಲಿ ಹಣ್ಣಿನ ಪೊಟ್ಟಣ. ಒಂದಿಷ್ಟೂ ಏದುಸಿರಿಲ್ಲ.

ಮಂಚದ ಪಕ್ಕ ಕೂತು, ಕೊಳವೆಯನ್ನು ನೋಡದಂತೆ ನೋಡುತ್ತ, ಶೆಡ್ಡಿನ ಸುದ್ದಿಯೆಲ್ಲ ಹೇಳಿ ಅವಳನ್ನು ನಗಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದ, "ಅಮ್ಮಾ, ಒಂದು ಮಾತು ತಲೆ ತಿಂತಾ ಇದೆ. ಟ್ರೈಯಿಂದಾನೇ ಅಂತಾರಂತಲ್ಲ ಡಾಕ್ಟ್ರು. ಹಾಗಾದ್ರೆ ನನಗ್ಯಾಕೆ ಆಗ್ಲಿಲ್ಲ? ಅವಳಿಗಿಂತ ಜಾಸ್ತಿ ನಾನೇ ಅದರ ಹತ್ರ ಇದ್ದವನು."

ಮಂಚದ ಮೇಲಿಂದ ಸೊಸೆಯ ಕಣ್ಣು ನನ್ನನ್ನೇ ಹಿಡಿದಿತ್ತು.

"ಒಬ್ಬೊಬ್ಬರ ದೇಹ ಒಂದೊಂದು ಥರ ಅಂದ್ರು," ಎಂದೆ. ಸುಳ್ಳೇನಲ್ಲ. ಡಾಕ್ಟರಮ್ಮನೇ ಹೇಳಿದ ಮಾತು.

ಅವನ ಮುಖ ಎಷ್ಟು ಹಗುರಾಯಿತೆಂದರೆ ನನಗೂ ಒಂದು ಗಳಿಗೆ ಹಾಯೆನಿಸಿತು. ಎಂಥವನ ಮೇಲೆ ಎಂಥ ಅನುಮಾನ ಪಟ್ಟಿದ್ದೆ ನಾನು! ಅವನು ತೊಡೆ ತಟ್ಟಿ ಎದ್ದು, "ಸದ್ಯ! ಹಾಗಿದ್ರೆ ಹೊಸ ಹುಡುಗಿಗೆ ಏನೂ ಭಯ ಇಲ್ಲ," ಎಂದ. "ಇವಳ ಜಾಗಕ್ಕೆ ಬಂದಿದಾಳೆ. ಸ್ಟೂಲು ಅಂದ್ರೆ ಪ್ರಾಣ ಅವಳಿಗೆ, ಇಳಿಯೋದೇ ಇಲ್ಲ. ಇವತ್ತು ಎರಡನೇ ಪಾಳಿ, ಈಗ್ಲೂ ಅಲ್ಲೇ ಕೂತಿರ್ತಾಳೆ. ದಿಂಬು ಮಾತ್ರ ಹಳೇದಾಗಿ ಚಪ್ಪಟೆ ಆಗೋಗಿದೆ. ನಿಮ್ಮ ಹತ್ರ ಚೂರುಪಾರು ಬಟ್ಟೆ ಇದ್ರೆ ಕೊಡ್ತೀರಾ ಅಮ್ಮಾ? ಹೊಸದೊಂದು ಹೊಲಿತೀನಿ."

ನನ್ನ ಚೂರುಬಟ್ಟೆಯ ಚೀಲ ಮಿಷನ್ನಿನ ಕೆಳಗೇ ಇತ್ತು. ಬಗ್ಗಿ ಎತ್ತಿದೆ. ಎತ್ತಿ, ಕೊಡಲಾರದೆ ಎದೆಗೆ ಅವಚಿಕೊಂಡು ನಿಂತೆ. ಸೊಸೆ ಬೇಡ ಎಂಬಂತೆ ತಲೆಯಾಡಿಸಿದಳು, ಕೊಳವೆ ಕೆನ್ನೆಯ ಮೇಲೆ ಅಲುಗಿತು.

"ನಗ್ತಾಳಾ ಆ ಹುಡುಗಿ?" ಎಂದೆ.

"ಯಾರು, ಹೊಸಬಳಾ? ಅಯ್ಯೋ, ನಗೋದೇ ನಗೋದು."

ನಾನು ಚೀಲವನ್ನು ಕೆಳಗಿಟ್ಟೆ. "ದಿಂಬು ಬೇಡ. ಸ್ಟೂಲೂ ಬೇಡ. ನೀವು ನಿಂತಿದ್ರಿ, ಅದಕ್ಕೆ ನಿಮಗಾಗ್ಲಿಲ್ಲ. ಇವಳು ಕೂತಿದ್ದಳು. ಅದು ಭಾರ ಅಂತ ನೀವೇ ಹೇಳಿದ್ರಲ್ಲ, ನೀವು ಬುಟ್ಟಿ ಎತ್ತಿದಾಗೆಲ್ಲ ತುಳುಕಿ ಇವಳ ಮೇಲೇ ಇಳೀತಾ ಇತ್ತು. ನಾನೂ ಕೂತು ನೋಡಿದೀನಿ. ಹೋಗಿ ಆ ಹುಡುಗೀನ ಎಬ್ಬಿಸಿ."

"ಅತ್ತೆ!" ಎಂದಳು ಸೊಸೆ.

ತೊಟ್ಟಿಯಣ್ಣ ನಗಲು ನೋಡಿದ. ನನ್ನ ಮುಖ ನೋಡಿ ಬಿಟ್ಟ. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡ, ದಪ್ಪ ಬೆರಳುಗಳನ್ನು. "ನಾನು ಕಾಲು ನೋವು ಅಂತ..." ಎಂದ. ಸೊಸೆಯ ಕಡೆ ತಿರುಗಿ ಕೈ ಮುಗಿದ. ಅವಳು ಆ ಕೈಗಳನ್ನು ಹಿಡಿದುಕೊಂಡು, "ಅಣ್ಣಾ, ಬೇಡ, ಬೇಡ," ಎನ್ನುತ್ತಲೇ ಇದ್ದಳು. ಅವನು ಬಿಡಿಸಿಕೊಂಡು, ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಹೊರಟುಹೋದ.

ಅವನ ಹೆಜ್ಜೆ ಇಳಿಯಿತು. ಎರಡನೇ ಮಹಡಿಯ ತಿರುವಿನಲ್ಲಿ ನಿಂತಿತು. ಸೊಸೆ ಯಾವಾಗಲೂ ನಿಲ್ಲುತ್ತಿದ್ದ ಅದೇ ಜಾಗ. ಅಲ್ಲಿಂದ ಒಬ್ಬ ಗಂಡಸು ಬಾಯಿ ಮುಚ್ಚಿಕೊಂಡು ಅಳುವ ಸದ್ದು ಮೇಲಿನವರೆಗೂ ಬಂತು. ಯಂತ್ರ ಗುಂಯ್ ಎನ್ನುತ್ತಿತ್ತು. ಸೊಸೆ ನನ್ನ ಕಡೆ ನೋಡಲಿಲ್ಲ, ಗೋಡೆಯ ಕಡೆ ತಿರುಗಿದ್ದಳು. ಅವಳು ಇನ್ನು ನನ್ನ ಜೊತೆ ಮಾತಾಡದಿದ್ದರೂ ಸರಿ ಎಂದುಕೊಂಡೆ.

ಆಮೇಲೆ ಹೆಜ್ಜೆ ಮತ್ತೆ ಕೇಳಿಸಿತು, ದಡದಡನೆ. ನಾನು ಕಿಟಕಿಗೆ ಹೋದೆ. ಅವನು ಬೀದಿಗೆ ಇಳಿದು, ಬಸ್ ನಿಲ್ದಾಣದ ಕಡೆಗೂ ನೋಡದೆ ಕಾರ್ಖಾನೆಯ ದಿಕ್ಕಿಗೆ ತಿರುಗಿದ. ಒಂದು ಚಪ್ಪಲಿ ಕಳಚಿತು, ಅದನ್ನೂ ಎತ್ತಿಕೊಳ್ಳಲಿಲ್ಲ.

"ಓಡ್ತಾ ಇದಾರಾ ಅತ್ತೆ?" ಹಿಂದಿನಿಂದ ಸೊಸೆ ಕೇಳಿದಳು.

"ಓಡ್ತಾ ಇದಾರೆ."

"ಜೋರಾಗಾ?"

"ಜೋರಾಗೇ ಕಣೇ. ನೀನು ಮೆಟ್ಟಿಲು ಹತ್ತಿ ಬರ್ತಿದ್ದೆಯಲ್ಲ, ಹಾಗೆ."

ಅವಳು ಎರಡು ಉಸಿರು ಎಳೆದುಕೊಂಡು, "ಹಾಗಾದ್ರೆ ಸರಿ," ಎಂದಳು.